ತಿರುಪಣ್ಣನ ಹದಿನೈದು ದಿನದ ರಜೆ

ತಿರುಪಣ್ಣ ಯಂತ್ರದ ಪರೀಕ್ಷೆಯ ಹಿಂದಿನ ದಿನ ಸಂಜೆ ಬಾಯಿ ಮುಚ್ಚಿಕೊಂಡು ಮೆಟ್ಟಿಲಿಳಿದಿದ್ದರೆ ಈ ಕತೆ ಹುಟ್ಟುತ್ತಲೇ ಇರಲಿಲ್ಲ. ಆದರೆ ಅವನು ಮರ್ಯಾದಸ್ಥ. ಇನ್ನೊಬ್ಬರ ತಾರಸಿಯ ಮೇಲೆ ಕಚೇರಿಯ ಸಾಮಾನು ಇಟ್ಟು, ಒಂದು ಒಳ್ಳೆಯ ಮಾತೂ ಆಡದೆ ಬರುವುದು ಹೇಗೆ? ಹಾಗಾಗಿ ಬಾಗಿಲಲ್ಲಿ ನಿಂತಿದ್ದ ಟೀಚರಮ್ಮನಿಗೆ ಕೈಮುಗಿದು, "ಟೀಚರಮ್ಮಾ, ನಾಳೆ ಒಂದಿನ ಆ ಕನ್ನಡಿ ಸ್ವಲ್ಪ ನೋಡ್ಕೊಳ್ಳಿ" ಎಂದುಬಿಟ್ಟ.

ಇಂಥ ಮಾತನ್ನು ನಾವೆಲ್ಲ ದಿನಕ್ಕೆ ಹತ್ತು ಸಲ ಆಡುತ್ತೇವೆ. ಕೇಳಿಸಿಕೊಂಡವರು ಹೂಂ ಎಂದು ಅಲ್ಲಿಗೇ ಮರೆತುಬಿಡುತ್ತಾರೆ. ಲೋಕ ನಡೆಯುವುದೇ ಹಾಗೆ. ಆದರೆ ಟೀಚರಮ್ಮ ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಭೂಗೋಳ ಹೇಳಿಕೊಟ್ಟು, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ನಿವೃತ್ತಿಯಾದ ಮೇಲೆ ಯಾರೂ ಅವರಿಗೆ ಯಾವ ಜವಾಬ್ದಾರಿಯನ್ನೂ ವಹಿಸಿರಲಿಲ್ಲ. ತಾರಸಿಯ ಮೂವತ್ತು ಹೂಕುಂಡಗಳನ್ನು ಬಿಟ್ಟರೆ ಅವರ ಮಾತು ಕೇಳುವವರೂ ಇರಲಿಲ್ಲ. ಅಂಥವರ ಕೈಗೆ ತಿರುಪಣ್ಣ ತಾನಾಗಿಯೇ ಒಂದು ಜವಾಬ್ದಾರಿ ಇಟ್ಟು, ಶಿಳ್ಳೆ ಹಾಕುತ್ತ ಮನೆಗೆ ಹೋದ.

ಈ ತಿರುಪಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಅವನು ಒಂದು ಸಂಶೋಧನಾ ಕೇಂದ್ರದಲ್ಲಿ ಲೇಸರ್ ಯಂತ್ರ ನೋಡಿಕೊಳ್ಳುವ ಟೆಕ್ನಿಷಿಯನ್. ಸಾಮಾನ್ಯ ಲೇಸರಿಗೆ ಹುಟ್ಟಿನಿಂದ ಸಾವಿನ ತನಕ ಒಂದೇ ಬಣ್ಣ. ಇದು ಹಾಗಲ್ಲ. ಹಳೇ ರೇಡಿಯೋದಲ್ಲಿ ಗುಂಡಿ ತಿರುಗಿಸಿ ಸ್ಟೇಷನ್ ಹಿಡಿಯುತ್ತಿದ್ದೆವಲ್ಲ, ಹಾಗೆ ಇದರ ಬಣ್ಣವನ್ನು ಒಂದು ಸಣ್ಣ ತಿರುಪು ತಿರುಗಿಸಿ ಬೇಕಾದ ಕಡೆಗೆ ಒಯ್ಯಬಹುದು. ಬಣ್ಣ ಅಂದರೆ ಕಣ್ಣಿಗೆ ಕಾಣುವ ಬಣ್ಣವಲ್ಲ, ಕೆಂಪಿನಿಂದಾಚೆಗಿನ ಕಾಣದ ಬಣ್ಣ. ಒಂದೊಂದು ಅನಿಲಕ್ಕೂ ತನ್ನದೇ ಒಂದು ಬಣ್ಣ ಕಂಡರೆ ಜೀವ. ಅದನ್ನು ಮಾತ್ರ ನುಂಗುತ್ತದೆ, ಪಕ್ಕದ್ದನ್ನು ಮೂಸಿಯೂ ನೋಡುವುದಿಲ್ಲ. ತಿರುಪಣ್ಣನ ಯಂತ್ರ ಹುಡುಕುತ್ತಿದ್ದುದು ಅಮೋನಿಯಾ ನುಂಗುವ ಬಣ್ಣವನ್ನು.

ಯಾಕೆಂದರೆ ಪಕ್ಕದಲ್ಲೇ ಒಂದು ಮಂಜುಗಡ್ಡೆ ಕಾರ್ಖಾನೆ ಇತ್ತು. ಅದರ ಕೊಳವೆಗಳ ತುಂಬ ಅಮೋನಿಯಾ. ಸೋರಿದರೆ ಸುತ್ತಲಿನವರ ಗತಿ ದೇವರೇ ಬಲ್ಲ. ಅದಕ್ಕೆ ಕೇಂದ್ರದವರು ಒಂದು ಉಪಾಯ ಮಾಡಿದ್ದರು. ಲೇಸರಿನ ಬೆಳಕು ಕೇಂದ್ರದ ಕಿಟಕಿಯಿಂದ ಹೊರಟು, ಕಾರ್ಖಾನೆಯ ಅಂಗಳವನ್ನು ದಾಟಿ, ನಾನೂರು ಮೀಟರ್ ಆಚೆ ಇದ್ದ ಟೀಚರಮ್ಮನ ತಾರಸಿಯ ಕನ್ನಡಿಗೆ ಬಡಿದು ವಾಪಸ್ ಬರಬೇಕು. ದಾರಿಯಲ್ಲಿ ಅಮೋನಿಯಾ ಇದ್ದರೆ ಬೆಳಕು ಅಷ್ಟು ಸವೆದು ಬರುತ್ತದೆ, ಪರದೆಯ ಮೇಲಿನ ಗೆರೆಯಲ್ಲಿ ಹಳ್ಳ ಬೀಳುತ್ತದೆ. ಮೂಗಿಗಿಂತ ಮೊದಲೇ ಯಂತ್ರಕ್ಕೆ ವಾಸನೆ ಹತ್ತುತ್ತದೆ ಎಂದರೂ ಸರಿಯೇ.

ಉಪಾಯವೇನೋ ಚೆನ್ನಾಗಿತ್ತು, ಯಂತ್ರದ ಸ್ವಭಾವ ಚೆನ್ನಾಗಿರಲಿಲ್ಲ. ಯಾರಾದರೂ ಬಾಗಿಲು ಧಡಾರನೆ ಹಾಕಿದರೆ, ಏಸಿ ಒಂದು ಸಲ ಕೆಮ್ಮಿದರೆ, ಅದರ ಬಣ್ಣ ಕೂದಲೆಳೆಯಷ್ಟು ಜಾರುತ್ತಿತ್ತು. ಆಗ ತಿರುಪಣ್ಣ ಬರಬೇಕು, ಬೆರಳ ತುದಿಯಲ್ಲಿ ತಿರುಪನ್ನು ಮುಟ್ಟಿದಂತೆ ಮಾಡಬೇಕು. ಹಟ ಹಿಡಿದ ಮಗು ಅಮ್ಮನ ಸೊಂಟ ಸೇರಿದಂತೆ ಯಂತ್ರ ಸುಮ್ಮನಾಗುತ್ತಿತ್ತು. ದೊಡ್ಡ ದೊಡ್ಡ ಡಿಗ್ರಿ ಮಾಡಿದವರು ಮುಟ್ಟಿದರೆ ಇನ್ನಷ್ಟು ಅಳುತ್ತಿತ್ತು. ಹೀಗೆ ಹನ್ನೊಂದು ವರ್ಷ. ಆ ಹನ್ನೊಂದು ವರ್ಷದಲ್ಲಿ ಅವನಿಗೆ ಒಟ್ಟಿಗೆ ಎರಡು ದಿನ ರಜೆ ಸಿಕ್ಕಿದ್ದೇ ಇಲ್ಲ.

ಅವನ ಹೆಂಡತಿಗೆ ಇದ್ದ ಆಸೆ ಒಂದೇ ಒಂದು. ಸಮುದ್ರ ನೋಡಬೇಕು. ಮದುವೆಯಾದ ಹೊಸತರಲ್ಲಿ, ಹೊಸ ಗಂಡಂದಿರು ಆಡುವ ಮಾತಿಗೆ ತೆರಿಗೆ ಇಲ್ಲವೆಂಬ ಧೈರ್ಯದಲ್ಲಿ, "ಮುಂದಿನ ತಿಂಗಳೇ ಹೋಗೋಣ ಕಣೇ" ಎಂದಿದ್ದ. ಆ ಮುಂದಿನ ತಿಂಗಳು ಹನ್ನೊಂದು ವರ್ಷವಾದರೂ ಬಂದಿರಲಿಲ್ಲ. ಈಗ ದಡದಲ್ಲೇ ಇದ್ದ ಅವಳ ಗೆಳತಿಯ ಮನೆ ಹದಿನೈದು ದಿನ ಖಾಲಿಯಿತ್ತು. ಅವಳು ಗಂಡನನ್ನು ಕೇಳದೆ ಸಂಜೆ ಆರು ಗಂಟೆಯ ಬಸ್ಸಿಗೆ ಎರಡು ಸೀಟು ಬುಕ್ ಮಾಡಿ, "ಈ ಸಲ ನೀವು ಬರಲಿಲ್ಲ ಅಂದ್ರೆ ನಾನೊಬ್ಬಳೇ ಹೋಗ್ತೀನಿ. ವಾಪಸ್ ಬರೋದು ಬಿಡೋದು ಸಮುದ್ರ ಕೇಳಿ ತೀರ್ಮಾನ ಮಾಡ್ತೀನಿ" ಎಂದಿದ್ದಳು.

ಅದೃಷ್ಟಕ್ಕೆ ಅದೇ ದಿನ ಯಂತ್ರದ ಪರೀಕ್ಷೆಯೂ ಇತ್ತು. ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ (ಮದ್ದು ಕೊಡುವ ಡಾಕ್ಟರಲ್ಲ, ಲೇಸರಿನಲ್ಲಿ ಡಾಕ್ಟರು) ಒಂದು ಗಾಜಿನ ಕೊಳವೆಯಲ್ಲಿ ಚೂರು ಅಮೋನಿಯಾ ಮುಚ್ಚಿಟ್ಟು, ಯಂತ್ರ ಅದನ್ನೇ ನೋಡಿಕೊಂಡು ತನ್ನ ಬಣ್ಣವನ್ನು ತಾನೇ ಸರಿಮಾಡಿಕೊಳ್ಳುವಂತೆ ವ್ಯವಸ್ಥೆ ಮಾಡಿದ್ದಳು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯ ತನಕ ಮನುಷ್ಯನ ಕೈ ತಾಗದೆ ಅದು ನಿಲ್ಲಬೇಕು. ನೋಡಲು ಮೂವರ ಸಮಿತಿ ಬರುತ್ತದೆ.

ಡೈರೆಕ್ಟರು ತಿರುಪಣ್ಣನನ್ನು ಕರೆಸಿ ಹೇಳಿದರು. "ನೋಡಪ್ಪ, ನಿನ್ನ ರಜೆ ಅರ್ಜಿ ನನ್ನ ಮೇಜಿನ ಮೇಲಿದೆ. ಯಂತ್ರ ನೀನಿಲ್ದೆ ನಿಂತರೆ ಸಹಿ ಹಾಕ್ತೀನಿ, ಆರು ಗಂಟೆ ಬಸ್ ಹತ್ತು. ನಿಲ್ಲಲಿಲ್ಲ ಅಂದ್ರೆ ನೀನೂ ಹೋಗೋ ಹಾಗಿಲ್ಲ. ಇನ್ನೊಂದು ವಿಷ್ಯ. ಇವತ್ತು ನೀನು ಆ ಕೋಣೆ ಒಳಗೆ ಕಾಲಿಡಬಾರದು."

ಬೆಳಿಗ್ಗೆ ಒಂಬತ್ತೂವರೆಗೆ ತಿರುಪಣ್ಣ ಕೊನೆಯ ಸಲ ತಿರುಪು ಮುಟ್ಟಿದ. ಪರದೆಯ ಮೇಲೆ ಗೆರೆ ನೆಟ್ಟಗೆ ನಿಂತಿತು. "ನೋಡಪ್ಪಾ, ಮಾನ ಉಳಿಸು" ಎಂದು ಯಂತ್ರದ ಕಿವಿಯಲ್ಲಿ ಹೇಳುವಂತೆ ಹೇಳಿ ಹೊರಬಂದ. ನಿಂತರೆ ಸಾಕು ಎಂಬ ಆಸೆಯ ಜೊತೆಗೇ, ನಿಂತೇಬಿಟ್ಟರೆ ತಾನು ಯಾರಿಗೆ ಬೇಕು ಎಂಬ ಸಣ್ಣ ಸಂಕಟವೂ ಅವನಿಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಕ್ಯಾಂಟೀನಿಗೆ ಹೋಗಿ ಟೀ ಮುಂದಿಟ್ಟುಕೊಂಡು ಗಡಿಯಾರ ನೋಡುತ್ತ ಕೂತ.

ಹತ್ತೂ ಮುಕ್ಕಾಲಿಗೆ ಫೋನ್ ಬಂತು. ಡಾಕ್ಟರಮ್ಮ ಪಿಸುದನಿಯಲ್ಲಿ ಕಿರುಚುತ್ತಿದ್ದಳು.

"ಅಣ್ಣಾ, ಗೆರೆ ಬಿದ್ದೋಯ್ತು!"

"ಬಣ್ಣ ಜಾರಿತಾ?"

"ಇಲ್ಲ, ಲೇಸರ್ ಕಲ್ಲು ಕೂತ ಹಾಗೆ ಕೂತಿದೆ. ಹೋದ ಬೆಳಕು ವಾಪಸ್ ಬರ್ತಿಲ್ಲ. ಕನ್ನಡಿ ಹತ್ರ ಏನೋ ಆಗಿದೆ. ಡೈರೆಕ್ಟರ್ ಸಮಿತಿಯವರಿಗೆ ಟೀ ಕೊಡಿಸ್ತಿದಾರೆ. ಹತ್ತು ನಿಮಿಷ ಇದೆ, ಓಡಿ!"

ತಿರುಪಣ್ಣ ಓಡಿದ. ಕಾರ್ಖಾನೆಯ ಗೋಡೆ ಬಳಸಿ, ರಸ್ತೆ ದಾಟಿ, ಲಿಫ್ಟಿಲ್ಲದ ಕಟ್ಟಡದ ನಾಲ್ಕು ಮಹಡಿ ಹತ್ತಿ ತಾರಸಿಗೆ ಬಂದು ನೋಡಿದರೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲಿದ್ದ ಕನ್ನಡಿಗೆ ದಪ್ಪನೆಯ ಟವೆಲ್ ಹೊದಿಸಿತ್ತು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಟೀಚರಮ್ಮ ಮೈಯೆಲ್ಲ ಕಣ್ಣಾಗಿ ಕೂತಿದ್ದರು.

"ಬಿಸಿಲು ನೋಡಪ್ಪ. ಗಾಜು ಕಾದು ಸೀಳುಬಿಟ್ರೆ ನಾಳೆ ನಿನಗೆ ಏನು ಉತ್ತರ ಕೊಡ್ಲಿ? ಅದಕ್ಕೇ ನನ್ನ ಒಳ್ಳೇ ಟವೆಲ್ಲೇ ಹೊದಿಸಿದೀನಿ."

"ಅಯ್ಯೋ ಟೀಚರಮ್ಮಾ, ಅದಕ್ಕೆ ಬೆಳಕು ಬೀಳ್ಬೇಕು!"

"ಯಾವ ಬೆಳಕು? ಬೆಳಿಗ್ಗೆಯಿಂದ ಇಲ್ಲೇ ಕೂತಿದೀನಿ, ಏನೂ ಬಂದಿಲ್ಲ."

"ಅದು ಕಣ್ಣಿಗೆ ಕಾಣಲ್ಲ."

ಹೋಮ್‌ವರ್ಕ್ ಮಾಡಿದ್ದೇನೆ ಆದರೆ ಪುಸ್ತಕ ಮನೆಯಲ್ಲಿದೆ ಎನ್ನುವ ಹುಡುಗರನ್ನು ಟೀಚರಮ್ಮ ಮೂವತ್ತನಾಲ್ಕು ವರ್ಷ ಹೇಗೆ ನೋಡಿದ್ದರೋ ಹಾಗೆಯೇ ಇವನನ್ನೂ ನೋಡಿದರು. ಆದರೂ ನೋಟ್‌ಬುಕ್ ತೆರೆದು, ಅಂಚಿಗೆ ಗೆರೆ ಎಳೆದು, ದುಂಡಗೆ ಬರೆದುಕೊಂಡರು. ಒಂದು, ಬಟ್ಟೆ ಹೊದಿಸಬಾರದು. ತಿರುಪಣ್ಣ ಟವೆಲ್ ತೆಗೆದ. ಫೋನಿನಲ್ಲಿ ಡಾಕ್ಟರಮ್ಮ "ಬಂತು ಬಂತು" ಎಂದಳು.

ಹನ್ನೆರಡೂ ಕಾಲಿಗೆ ಗೆರೆ ಮತ್ತೆ ಮಲಗಿತು. ತಿರುಪಣ್ಣ ಮತ್ತೆ ಓಡಿದ. ಈ ಸಲ ಕುರ್ಚಿಯಲ್ಲಿ ಕೂತಿದ್ದವನು ಕೆಳಮಹಡಿಯ ದರ್ಜಿ. ಟೀಚರಮ್ಮ ಊಟಕ್ಕೆ ಹೋಗುವಾಗ ಅವನನ್ನು ಕ್ಲಾಸ್ ಲೀಡರ್ ಮಾಡಿ ಹೋಗಿದ್ದರು. ದರ್ಜಿ ಕೈ ಖಾಲಿ ಇಟ್ಟುಕೊಂಡು ಕೂರುವವನಲ್ಲ. ಹೊಲಿಯುತ್ತಿದ್ದ ಕೋಟನ್ನೂ ತಂದಿದ್ದ. ಆ ಕೋಟು ಈಗ ಕನ್ನಡಿಯ ಸ್ಟ್ಯಾಂಡಿನ ಮೇಲೆ ನೇತಾಡುತ್ತಿತ್ತು.

"ನೋಡಿ ಸ್ವಾಮಿ, ಭುಜ ಹೆಂಗೆ ಕೂತಿದೆ! ಇಂಥಾ ಸ್ಟ್ಯಾಂಡು ನನ್ನ ಅಂಗಡೀಲೂ ಇಲ್ಲ. ಇಲ್ಲಿ ಸುಮ್ನೆ ನಿಂತಿತ್ತು."

"ಬಟ್ಟೆ ಹೊದಿಸಬಾರದು ಅಂತ ಪುಸ್ತಕದಲ್ಲಿ ಬರೆಸಿದ್ನಲ್ಲಯ್ಯಾ!"

"ಓದಿದೆ. ಹೊದಿಸಬಾರದು ಅಂತಿದೆ. ನೇತುಹಾಕಬಾರದು ಅಂತ ಎಲ್ಲಿದೆ ತೋರ್ಸಿ."

ತಿರುಪಣ್ಣ ಕೋಟನ್ನು ಎಳೆದು ಅವನ ಮಡಿಲಿಗೆ ಹಾಕಿದ. ಕಾಣದ ಬೆಳಕು ಬರುತ್ತದೆಂದು ಕೇಳಿದ ದರ್ಜಿಗೆ ಈಗ ಭಯ ಹತ್ತಿತು. "ಕೋಟಿಗೆ ಏನಾದ್ರೂ ಆಗಿರುತ್ತಾ ಸ್ವಾಮಿ? ಮದುವೆ ಗಂಡಿಂದು ಇದು" ಎಂದು ಬೆನ್ನು ಹತ್ತಿದ. ಏನೂ ಆಗುವುದಿಲ್ಲವೆಂದು ಮೂರು ಸಲ ಆಣೆ ಮಾಡಿ ಹೇಳಿದರೂ ಅವನು ಕೋಟನ್ನು ಬಿಸಿಲಿಗೆ ಹಿಡಿದು ತೂತು ಹುಡುಕುತ್ತಲೇ ಇದ್ದ.

ಅಷ್ಟರಲ್ಲಿ ಹೆಂಡತಿಯ ಫೋನ್. "ರೀ, ನಿಮ್ಮ ನೀಲಿ ಶರ್ಟ್ ಇಡ್ಲೋ, ಬಿಳೀದೋ?"

"ಯಾವುದಾದ್ರೂ... ಇಡು..."

"ಯಾಕ್ರೀ ಹೀಗೆ ಏದುಸಿರು? ಯಂತ್ರ ಬಿತ್ತಾ?"

"ಇಲ್ಲ ಕಣೇ. ಅದು ನಿಂತಿದೆ. ಬೀಳೋ ಹಾಗಿರೋದು ನಾನು."

ಇನ್ನು ಸಂಜೆಯ ತನಕ ಈ ತಾರಸಿಯಿಂದ ಕದಲುವುದಿಲ್ಲ ಎಂದು ನಿಶ್ಚಯಿಸಿ ಅವನು ಕುಂಡಗಳ ನಡುವೆ ಕೂತ. ಕೂತು ಐದು ನಿಮಿಷವಾಗಿರಲಿಲ್ಲ, ಡೈರೆಕ್ಟರ ಫೋನ್. "ಎಲ್ಲಿ ಹಾಳಾಗಿ ಹೋದೆ? ಬಂದು ಕ್ಯಾಂಟೀನಲ್ಲಿ ಕೂತ್ಕೋ, ಸಮಿತಿಯವರ ಕಣ್ಣ ಮುಂದೆ. ನೀನು ಹಿಂದಿನ ಕಿಟಕಿಯಿಂದ ಕೈ ಹಾಕಿ ತಿರುಪು ತಿರುಗಿಸ್ತಿದೀಯ ಅಂತ ಅವರಿಗೆ ಅನುಮಾನ ಬರಬಾರದು." ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅಷ್ಟರಲ್ಲಿ ಊಟ ಮುಗಿಸಿ ಬಂದ ಟೀಚರಮ್ಮನಿಗೆ ತಿರುಪಣ್ಣ ಕೈ ಜೋಡಿಸಿ ಬೇಡಿಕೊಂಡ. "ಹೊದಿಸಬೇಡಿ, ನೇತುಹಾಕಬೇಡಿ, ಮುಂದೆ ನಿಲ್ಲಬೇಡಿ, ತಿರುಗಿಸಬೇಡಿ, ಏನೂ ಬೇಡ ತಾಯೀ." ಟೀಚರಮ್ಮ ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ ಬರೆದುಕೊಂಡರು. "ಇನ್ನೇನಾದ್ರೂ ಇದೆಯಾ? ಈಗ್ಲೇ ಹೇಳ್ಬಿಡು" ಎಂದೂ ಕೇಳಿದರು. ಇನ್ನೇನೂ ಇಲ್ಲ ಎಂದು ಹೇಳಿ ಅವನು ಇಳಿದ.

ಎರಡೂವರೆಯ ತನಕ ಎಲ್ಲ ಸುಸೂತ್ರ. ಕ್ಯಾಂಟೀನಿನಲ್ಲಿ ಸಮಿತಿಯ ಮೂವರಲ್ಲಿ ಹಿರಿಯರಾದವರು ತಿರುಪಣ್ಣನ ಎದುರಿಗೇ ಕೂತು ಊಟ ಮಾಡಿ ಹೋದರು. ಒಳಗೆ ಯಂತ್ರ ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಹನ್ನೊಂದು ವರ್ಷ ತನ್ನನ್ನು ಬಿಟ್ಟಿರದ ಯಂತ್ರ ಇಷ್ಟು ಹೊತ್ತು ತನ್ನ ನೆನಪೇ ಮಾಡಿಕೊಳ್ಳಲಿಲ್ಲವಲ್ಲ ಎಂದು ತಿರುಪಣ್ಣನಿಗೆ ಒಂದು ಗಳಿಗೆ ಬೇಸರವಾಯಿತು. ಮರುಗಳಿಗೆ ಕಣ್ಣೆದುರು ಸಮುದ್ರ ಬಂತು, ಹೆಂಡತಿ ಸೆರಗು ಎತ್ತಿ ಹಿಡಿದು ಅಲೆಗೆ ಕಾಲು ಕೊಟ್ಟಳು, ಬೇಸರ ಹೋಯಿತು.

ಆಗಲೇ ಮಂಜುಗಡ್ಡೆ ಕಾರ್ಖಾನೆಯ ಸೈರನ್ ಕೂಗಿತು.

ಕಾರಿಡಾರಿನಲ್ಲಿ ಡಾಕ್ಟರಮ್ಮ ಓಡಿಬಂದಳು. "ಅಣ್ಣಾ! ಗೆರೆ ಬಿದ್ದಿಲ್ಲ, ಹಳ್ಳ ಬಿದ್ದಿದೆ! ಅಮೋನಿಯಾ! ಇಷ್ಟು ದೊಡ್ಡ ಹಳ್ಳ ನಾನು ಜನ್ಮದಲ್ಲೇ ನೋಡಿಲ್ಲ. ಡೈರೆಕ್ಟರ್ ಕಾರ್ಖಾನೆಗೆ ಫೋನ್ ಮಾಡ್ಬಿಟ್ರು!"

ಕಿಟಕಿಯಿಂದ ನೋಡಿದರೆ ಕಾರ್ಖಾನೆಯ ಇನ್ನೂರು ಜನ ಮೂಗಿಗೆ ಕರವಸ್ತ್ರ ಹಿಡಿದು ರಸ್ತೆಗೆ ಬರುತ್ತಿದ್ದರು. ಸಮಿತಿಯವರ ಪೈಕಿ ಇಬ್ಬರು ಮೇಜಿನಡಿಗೆ ಹೋಗುವುದೋ ತಾರಸಿಗೆ ಹೋಗುವುದೋ ಎಂದು ವಾದ ಮಾಡುತ್ತಿದ್ದರು. ಎಲ್ಲರೂ ಗಾಳಿ ಮೂಸಿ ನೋಡುವವರೇ, ಒಬ್ಬರಿಗೂ ವಾಸನೆ ಹತ್ತಲಿಲ್ಲ. ತಿರುಪಣ್ಣನಿಗೆ ಮಾತ್ರ ಕನ್ನಡಿಯ ನೆನಪಾಯಿತು. ಅವನು ಜನರ ಹಿಂಡಿಗೆ ಎದುರಾಗಿ ಓಡಿ, ಮೂರನೆಯ ಸಲ ಆ ನಾಲ್ಕು ಮಹಡಿ ಹತ್ತಿದ.

ತಾರಸಿಗೆ ಕಾಲಿಟ್ಟ ಕೂಡಲೇ ಮೂಗಿಗೆ ಘಾಟು ಹೊಡೆಯಿತು. ಟೀಚರಮ್ಮ ಗಾಜು ಒರೆಸುವ ನೀಲಿ ನೀರಿನ ಬಾಟಲಿ ಹಿಡಿದು, ಕನ್ನಡಿಯ ಮೇಲೂ ಸುತ್ತಲೂ ಚುಸ್ ಚುಸ್ ಎಂದು ಸಿಂಪಡಿಸುತ್ತಿದ್ದರು. ತಪ್ಪಾಗಬಾರದೆಂದು ಮುಂದೆ ನಿಲ್ಲದೆ, ಪಕ್ಕದಿಂದ ಕೈ ಚಾಚಿ ಸಿಂಪಡಿಸುತ್ತಿದ್ದರು.

"ಕಾಗೆ ಹೊಲಸು ಮಾಡಿಬಿಡ್ತಪ್ಪ. ಸಮಿತಿಯವರು ಬರೋ ದಿನ ಕನ್ನಡಿ ಹೀಗಿದ್ರೆ ಚೆನ್ನಾಗಿರುತ್ತಾ? ಒಂದು ಬಾಟ್ಲಿ ಪೂರ್ತಿ ಆಯ್ತು, ಎರಡನೇದು ಇದು."

ತಿರುಪಣ್ಣ ಬಾಟಲಿ ಇಸಿದುಕೊಂಡು ಹಿಂದಿನ ಚೀಟಿ ಓದಿದ. ಸಣ್ಣ ಅಕ್ಷರದ ಪಟ್ಟಿಯಲ್ಲಿ ಎರಡನೆಯ ಹೆಸರೇ ಅಮೋನಿಯಾ.

"ಒರೆಸಬಾರದು ಅಂತ ನೀನು ಬರೆಸಿಲ್ಲ" ಎಂದು ಟೀಚರಮ್ಮ ನೋಟ್‌ಬುಕ್ ಮುಂದೆ ಹಿಡಿದರು.

ಈಗೇನು ಮಾಡುವುದು? ಹೇಳದಿದ್ದರೆ ಇನ್ನೂರು ಜನ ಬಿಸಿಲಲ್ಲಿ ನಿಂತೇ ಇರುತ್ತಾರೆ. ಹೇಳಿದರೆ ಡೈರೆಕ್ಟರ ಮುಖಕ್ಕೆ ಮಸಿ, ತನ್ನ ರಜೆಗೆ ನೀರು. ತಿರುಪಣ್ಣ ಎರಡು ನಿಮಿಷ ಬಾಟಲಿಯನ್ನೇ ನೋಡಿದ. ಬಳಿಕ ಕಣ್ಣು ಮುಚ್ಚಿಕೊಂಡು ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದ. ಡೈರೆಕ್ಟರು ಫೋನನ್ನು ಸ್ಪೀಕರಿನಲ್ಲಿ ಇಟ್ಟಿದ್ದರೆಂದು ಅವನಿಗೆ ಗೊತ್ತಾದದ್ದು ಸಮಿತಿಯ ಹಿರಿಯರ ದನಿ ಕೇಳಿದಾಗ.

"ಏನಂದಿರಿ? ನಾನೂರು ಮೀಟರ್ ಆಚೆ ಒಬ್ಬರು ಕನ್ನಡಿ ಒರೆಸಿದ್ದು ಈ ಯಂತ್ರಕ್ಕೆ ಗೊತ್ತಾಯ್ತಾ?" ಅವರು ನಗಲು ಶುರು ಮಾಡಿದರು. ಜೊತೆಯ ಇಬ್ಬರೂ ನಕ್ಕರು. ಕೊನೆಗೆ ಡೈರೆಕ್ಟರೂ ನಕ್ಕರು. "ಇದಕ್ಕಿಂತ ಪರೀಕ್ಷೆ ಬೇಕೇನ್ರೀ? ಬಣ್ಣ ಜಾರಿದ್ದ ಯಂತ್ರ ಹೀಗೆ ಮೂಸಲು ಸಾಧ್ಯವಾ? ಪಾಸು, ಪಾಸು!"

ಕಾರ್ಖಾನೆಯವರು ಬೈಯುತ್ತ ಒಳಗೆ ಹೋದರು. ತಿರುಪಣ್ಣ ಟೀಚರಮ್ಮನ ಕಾಲಿಗೆ ಬೀಳುವುದೊಂದು ಬಾಕಿ.

ನಾಲ್ಕೂವರೆಗೆ ಡೈರೆಕ್ಟರ ಕೋಣೆ. ಮೇಜಿನ ಮೇಲೆ ರಜೆ ಅರ್ಜಿ. ಡೈರೆಕ್ಟರು ಪೆನ್ನಿನ ಮುಚ್ಚಳ ತೆಗೆದರು. "ಆರೂವರೆ ಗಂಟೆ, ಮನುಷ್ಯನ ಕೈ ತಾಗಿಲ್ಲ, ಬಣ್ಣ ಕೂದಲಷ್ಟೂ ಜಾರಿಲ್ಲ. ಇನ್ಮೇಲೆ ಯಂತ್ರಕ್ಕೆ ನೀನು ಬೇಡವೇ ಬೇಡ. ಸಂತೋಷವಾಗಿ ಹೋಗಿ ಬಾ." ಪೆನ್ನಿನ ತುದಿ ಕಾಗದಕ್ಕೆ ತಾಗುವುದರಲ್ಲಿತ್ತು.

"ಒಂದ್ನಿಮಿಷ" ಎಂದರು ಹಿರಿಯರು, ದಾಖಲೆಯ ಹಾಳೆ ಮಗುಚುತ್ತ. "ಇಲ್ಲಿ ಮೂರು ಸಲ ತೊಂದರೆ ಆಗಿದೆ. ಮೂರೂ ಸಲ ಯಂತ್ರದ್ದಲ್ಲ, ಕನ್ನಡಿ ಕಡೆಯದು. ಮೂರೂ ಸಲ ಯಾರು ಹೋಗಿ ಸರಿಮಾಡಿದ್ದು?"

"ನಾನೇ ಸರ್" ಎಂದ ತಿರುಪಣ್ಣ ಹೆಮ್ಮೆಯಿಂದ. ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಡೈರೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ನಿಜ. ಯಂತ್ರ ನೀನಿಲ್ದೆ ಇರುತ್ತೆ. ಕನ್ನಡಿ ನೀನಿಲ್ದೆ ಒಂದು ಗಂಟೆ ಇರಲ್ಲ. ನೋಡಪ್ಪ, ತಪ್ಪು ತಿಳ್ಕೋಬೇಡ. ಆ ಟೀಚರಮ್ಮ ಆ ತಾರಸಿ ಮೇಲೆ ಇರೋ ತನಕ ನೀನು ಊರು ಬಿಡೋ ಹಾಗಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹನ್ನೊಂದು ವರ್ಷ ಯಂತ್ರ ಹಿಡಿದುಕೊಂಡಿತ್ತು, ಅದು ಕೈಬಿಟ್ಟ ದಿನವೇ ಕನ್ನಡಿ ಹಿಡಿದುಕೊಂಡಿತು. ತಿರುಪಣ್ಣನಿಗೆ ನಿಜಕ್ಕೂ ಅಳು ಬಂತು. ವರಾಂಡಕ್ಕೆ ಹೋಗಿ ಹೆಂಡತಿಗೆ ಫೋನ್ ಮಾಡಿ ಟೀಚರಮ್ಮನ ಪ್ರತಾಪಗಳನ್ನೆಲ್ಲ ಹೇಳಿದ. "ಕ್ಷಮಿಸು ಕಣೇ, ನನ್ನ ಕೈಲಿ ಬರಕ್ಕಾಗಲ್ಲ" ಎಂದ. ಟೀಚರಮ್ಮ ತಾರಸಿ ಬಿಟ್ಟರೆ ರಜೆ ಸಿಗುತ್ತದೆ ಎಂಬುದನ್ನು ಹೇಳುವಷ್ಟರಲ್ಲಿ ಹೆಂಡತಿ ಅಡ್ಡ ಬಾಯಿ ಹಾಕಿದಳು.

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಅದೇ ಭಯದ ವಿಷಯ. "ಆ ಹೆಂಗಸಿನ ಮನೆ ಎಲ್ಲಿ?" ಎಂದಳು.

"ಮಂಜುಗಡ್ಡೆ ಕಾರ್ಖಾನೆ ಹಿಂದೆ, ನಾಲ್ಕನೇ ಮಹಡಿ. ಯಾಕೆ?"

"ಬಸ್‌ಸ್ಟ್ಯಾಂಡಿಗೆ ಅದೇ ದಾರಿ. ಹೋಗ್ತಾ ನಾಲ್ಕು ಮಾತು ಕೇಳಿ ಹೋಗ್ತೀನಿ." ಫೋನ್ ಇಟ್ಟಳು.

ಎರಡು ಸಿಡಿಲು ಎದುರಾದರೆ ಏನಾದೀತೆಂದು ಹೋಗಿ ನೋಡಲೂ ತಿರುಪಣ್ಣನಿಗೆ ಬಿಡುವಿರಲಿಲ್ಲ. ಡೈರೆಕ್ಟರು ಅವನನ್ನು ಕೂರಿಸಿ, 'ಕನ್ನಡಿಯ ರಕ್ಷಣೆಗೆ ಕೈಗೊಳ್ಳಬೇಕಾದ ಕ್ರಮಗಳು' ಎಂಬ ವರದಿ ಬರೆಸುತ್ತಿದ್ದರು. ಅವನು ಮೊದಲನೆಯ ವಾಕ್ಯವನ್ನು ಆರು ಸಲ ಬರೆದು ಹೊಡೆದುಹಾಕಿದ. ಐದೂ ಮುಕ್ಕಾಲು. ಡೈರೆಕ್ಟರು ಮುಖ ಅರಳಿಸಿಕೊಂಡು ಬಂದರು.

"ನಿನ್ನ ಅದೃಷ್ಟಕ್ಕೆ ಏನು ಹೇಳ್ಲಯ್ಯಾ! ದುರ್ಬೀನಿನಲ್ಲಿ ನೋಡಿದ್ರೆ ಅರ್ಧ ಗಂಟೆಯಿಂದ ತಾರಸಿ ಮೇಲೆ ನರಪಿಳ್ಳೆ ಇಲ್ಲ. ಆ ದರ್ಜಿಗೆ ಫೋನ್ ಮಾಡಿ ಕೇಳ್ದೆ. ಟೀಚರಮ್ಮ ಮನೆಗೆ ಬೀಗ ಹಾಕಿ ಹದಿನೈದು ದಿನಕ್ಕೆ ಊರಿಗೆ ಹೋದರಂತೆ! ತಗೋ ನಿನ್ನ ರಜೆ." ಚರ್ರನೆ ಸಹಿ ಹಾಕಿದರು. "ಓಡು, ಬಸ್ ತಪ್ಪೀತು!"

ತಿರುಪಣ್ಣ ಆ ದಿನ ಓಡಿದ ಓಟಗಳಲ್ಲೆಲ್ಲ ಇದು ಶ್ರೇಷ್ಠ. ಕಾಗದವನ್ನು ಬಾವುಟದಂತೆ ಹಿಡಿದು ಬಸ್‌ಸ್ಟ್ಯಾಂಡ್ ಸೇರುವಾಗ ಡ್ರೈವರು ಇಂಜಿನ್ ಹಾಕಿದ್ದ. ಕಿಟಕಿಯಲ್ಲಿ ಹೆಂಡತಿ ಕಂಡಳು. ಅವಳ ಪಕ್ಕದಲ್ಲಿ, ತಿರುಪಣ್ಣನ ಸೀಟಿನಲ್ಲಿ, ಮಡಿಚಿದ ನಕಾಶೆಯೊಂದನ್ನು ಎದೆಗವಚಿಕೊಂಡು ಟೀಚರಮ್ಮ ಕೂತಿದ್ದರು.

"ರೀ! ಇದೇನ್ರೀ ಓಡಿ ಬಂದ್ರಿ, ಕಳಿಸೋಕಾ?" ಹೆಂಡತಿ ಕಿಟಕಿಯಿಂದ ಬಗ್ಗಿದಳು. "ಜಗಳ ಆಡೋಕೇ ಹೋಗಿದ್ದೆ. ನಿಮ್ಮಿಂದ ನನ್ನ ಸಮುದ್ರ ಹೋಯ್ತು ಅಂದೆ. ಪಾಪ ರೀ, ಮೂವತ್ನಾಲ್ಕು ವರ್ಷ ಬೋರ್ಡಿನ ಮೇಲೆ ನೀಲಿ ಚಾಕ್‌ಪೀಸಲ್ಲಿ ಸಮುದ್ರ ಬರೆದಿದಾರೆ, ಕಣ್ಣಲ್ಲಿ ಒಂದು ಸಲವೂ ನೋಡಿಲ್ವಂತೆ. ಇಬ್ರೂ ಕೂತು ಅತ್ತುಬಿಟ್ವಿ. ಹೇಗೂ ನೀವು ಬರಲ್ಲ ಅಂದ್ರಿ, ಸೀಟು ಖಾಲಿ ಹೋಗ್ಬೇಕಾ ಅಂತ..."

ತಿರುಪಣ್ಣ ಕಾಗದ ತೋರಿಸಿದ. ಹೆಂಡತಿಯ ಬಾಯಿ ತೆರೆದದ್ದು ತೆರೆದೇ ಇತ್ತು. ಟೀಚರಮ್ಮ ಗಡಬಡಿಸಿ ಎದ್ದರು. "ಅಯ್ಯೋ, ರಜೆ ಸಿಕ್ತಾ ಅಪ್ಪಾ? ನಾನು ಇಳೀತೀನಿ, ನೀನು ಹತ್ತು."

ಅವನು ಯೋಚಿಸಿ ನೋಡಿದ. ಅವರು ಇಳಿದರೆ ತಾರಸಿಗೆ ಹೋಗುತ್ತಾರೆ. ತಾರಸಿಗೆ ಹೋದರೆ ರಜೆ ಹೋಗುತ್ತದೆ. ಅವರು ಇಳಿಯದಿದ್ದರೆ ರಜೆ ಇದೆ, ಸೀಟಿಲ್ಲ. ಅದೂ ಅಲ್ಲದೆ, ಆ ನಕಾಶೆ ಹಿಡಿದ ಕೈ ನೋಡಿದ ಮೇಲೆ ಇಳಿಯಿರಿ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

"ಕೂತ್ಕೊಳ್ಳಿ ಟೀಚರ್. ನಾನು ನಾಳೆ ಬಸ್ಸಿಗೆ ಬರ್ತೀನಿ."

"ನಾಳೆಯಾ?" ಕಂಡಕ್ಟರ್ ನಕ್ಕ. "ಇನ್ನು ಎರಡು ವಾರ ಸಮುದ್ರದ ಕಡೆ ಒಂದು ಸೀಟೂ ಇಲ್ಲ ಸ್ವಾಮಿ. ಶಾಲೆಗಳಿಗೆ ರಜ." ಶಿಳ್ಳೆ ಊದಿದ.

ಬಸ್ಸು ಹೊರಟಿತು. ಹೆಂಡತಿ ಕೈಯಾಡಿಸಿದಳು, ಕಣ್ಣೊರೆಸಿಕೊಂಡಳು, ಮತ್ತೆ ಕೈಯಾಡಿಸಿದಳು. ಟೀಚರಮ್ಮ ಕಿಟಕಿಯಿಂದ ಏನನ್ನೋ ಎಸೆದರು. ಕಾಲ ಬಳಿ ಝಣ್ಣನೆ ಬಿತ್ತು. ಬೀಗದ ಕೈ. "ಕುಂಡಗಳಿಗೆ ನೀರು! ಬೆಳಿಗ್ಗೆ ಸಂಜೆ! ಒಂದೊಂದಕ್ಕೂ ಎರಡು ಚೊಂಬು!" ಎಂಬ ಕೂಗು ಹೊಗೆಯಲ್ಲಿ ದೂರವಾಯಿತು.

ಬಿಸಿಲು ಇನ್ನೂ ಪೂರ್ತಿ ಇಳಿದಿರಲಿಲ್ಲ. ಮನೆಗೆ ಹೋಗಿ ಖಾಲಿ ಗೋಡೆ ನೋಡುವ ಬದಲು ತಿರುಪಣ್ಣ ತಾರಸಿಗೇ ಹೋದ. ಬಕೆಟ್ ತುಂಬಿಸಿ ಒಂದೊಂದೇ ಕುಂಡಕ್ಕೆ ನೀರು ಹಾಕತೊಡಗಿದ. ಹನ್ನೊಂದನೆಯ ಕುಂಡದ ಹತ್ತಿರ ಫೋನ್ ಕೂಗಿತು. ಡೈರೆಕ್ಟರು.

"ಬಸ್ ಹತ್ತಿಬಿಟ್ಯಾ?"

"ಇಲ್ಲ ಸರ್, ಊರಲ್ಲೇ ಇದೀನಿ. ಅದೇನಾಯ್ತು ಅಂದ್ರೆ..."

"ಸದ್ಯ ಬದುಕಿದೆ! ಗೆರೆ ಮಲಗಿದೆಯಯ್ಯಾ. ಡಾಕ್ಟರಮ್ಮ ದುರ್ಬೀನಿನಲ್ಲಿ ನೋಡ್ತಿದಾಳೆ, ಯಾವನೋ ಒಬ್ಬ ಬಕೆಟ್ ಹಿಡ್ಕೊಂಡು ಸರಿಯಾಗಿ ಕನ್ನಡಿಗೆ ಬೆನ್ನು ಹಾಕಿ ಬಗ್ಗಿ ನಿಂತಿದಾನಂತೆ, ಮುಖ ಕಾಣ್ತಿಲ್ವಂತೆ. ಸಮಿತಿಯವರು ಇನ್ನೂ ಹೋಗಿಲ್ಲ. ನೀನು ರಜೆ ಮೇಲಿದೀಯ, ಗೊತ್ತು. ಆದ್ರೂ ಸ್ವಲ್ಪ ಹೋಗಿ ಆ ಮೂರ್ಖನನ್ನ ಅಲ್ಲಿಂದ ಓಡಿಸ್ತೀಯಾ?"

ತಿರುಪಣ್ಣ ತಿರುಗಿ ನೋಡಿದ. ಬೆನ್ನ ಹಿಂದೆ, ಒಂದು ಗೇಣು ದೂರದಲ್ಲಿ, ಕನ್ನಡಿ. ಅವನು ಮೆಲ್ಲಗೆ ಬಲಕ್ಕೆ ಎರಡು ಹೆಜ್ಜೆ ಸರಿದ.

"ಓಡಿಸಿದೆ ಸರ್."

ಆ ಕಡೆ ಚಪ್ಪಾಳೆ ಕೇಳಿಸಿತು. "ಬಂತು, ಗೆರೆ ಬಂತು! ಭಲೇ! ಬಾಯಿಂದ ಮಾತು ಬೀಳೋದ್ರೊಳಗೆ ಓಡಿಸಿಬಿಟ್ಟೆಯಲ್ಲಯ್ಯಾ! ಹಿರಿಯರು ಇಲ್ಲೇ ಪಕ್ಕದಲ್ಲಿದಾರೆ, ಇಂಥವನನ್ನ ಹದಿನೈದು ದಿನ ಹೇಗ್ರೀ ಕಳಿಸ್ತೀರಿ ಅಂತ ಕೇಳ್ತಿದಾರೆ. ನಾನೇನು ಹೇಳ್ಲಿ? ರಜೆ ರದ್ದು ಮಾಡಿದೀನಿ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನೇರ ತಾರಸಿಗೇ ಬಂದ್ಬಿಡು."

"ಆಯ್ತು ಸರ್" ಎಂದ ತಿರುಪಣ್ಣ. ಬಕೆಟ್ಟಿನಲ್ಲಿ ನೀರು ಮುಗಿದಿತ್ತು. ಇನ್ನೂ ಹತ್ತೊಂಬತ್ತು ಕುಂಡ ಬಾಕಿ ಇದ್ದವು, ನಲ್ಲಿ ಕೆಳಮಹಡಿಯಲ್ಲಿತ್ತು.